ಶೈಲಾಳ ಹೆಸರಿನ ಪುಟ

ಶಿಕಾರಿಪುರ. ಸೋಮವಾರ, ಸಂಜೆ ನಾಲ್ಕೂವರೆ. ಹಾಜರಿ — ನಾನೊಬ್ಬನೇ.

ಶೈಲಾ, ಇಪ್ಪತ್ತು ವರ್ಷದ ಹಿಂದೆ ಸೊರಬದ ಸಂಬಂಧ ತಪ್ಪಿದ್ದು ಜಾತಕದಿಂದಲ್ಲ. ತಪ್ಪಿಸಿದವನು ನಾನು.

ಡ್ರಿಲ್ ಮಾಸ್ತರನಾಗಿದ್ದಾಗ ಒಂದು ತರಬೇತಿಯಲ್ಲಿ ಕಲಿತಿದ್ದೆ — ಮನುಷ್ಯನ ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯಬಹುದಂತೆ: ಶಿಸ್ತು, ಕುತೂಹಲ, ಜನರೊಡನೆ ಬೆರೆಯುವುದು, ಕರುಣೆ, ಕಳವಳ. ಅಂದಿನಿಂದ ಬೀದಿಯವರಿಗೆಲ್ಲ ನನ್ನ ಪುಸ್ತಕದಲ್ಲಿ ಒಂದೊಂದು ಪುಟ. ನಿನಗೆ ಶಿಸ್ತಿನಲ್ಲಿ ಹತ್ತಕ್ಕೆ ಒಂಬತ್ತು. ಕರುಣೆಯ ಸಾಲು ಖಾಲಿ — ಕಂಡಿರಲಿಲ್ಲ. ಕಂಡದ್ದು ಬೇರೆ. ಪ್ರತಿ ಮಂಗಳವಾರ ನಿಮ್ಮಪ್ಪ ಹೊರಗೆ ಹೋದ ಮೇಲೆ ನೀನು ಸೆರಗಿನಡಿ ಡಬ್ಬಿ ಮುಚ್ಚಿಕೊಂಡು, ಓಣಿಯ ಎರಡೂ ಕಡೆ ನೋಡಿ ಹೊರಡುತ್ತಿದ್ದೆ. ಯಾರಿಗೆ?

ಹೆಣ್ಣಿನ ಮನೆಗೆ ಹೋಗುವ ಮೊದಲು ಎದುರುಮನೆಯಲ್ಲಿ ವಿಚಾರಿಸುವುದು ನಮ್ಮ ವಾಡಿಕೆ. ಗಂಡಿನ ದೊಡ್ಡಪ್ಪ ನನ್ನ ಜಗಲಿಗೆ ಬಂದರು.

“ಮೇಷ್ಟ್ರೇ, ಹುಡುಗಿ ಹೆಂಗ್ರೀ?”

“ಕೆಲಸದಾಗೆ ಚುರುಕು. ಆದ್ರೆ ಮಂಗಳವಾರ ಎಲ್ಲಿಗೆ ಹೋಗ್ತಾಳೆ ಅಂತ ಅವರಪ್ಪನ್ನ ಕೇಳಿ ನೋಡ್ರಿ. ಆತಂಗೂ ಗೊತ್ತಿರಲ್ಲ.”

ಅವರು ನಿಮ್ಮಪ್ಪನನ್ನು ಕೇಳಲಿಲ್ಲ. ಅರ್ಧ ಕಾಫಿ ಬಿಟ್ಟು ಬಸ್ಸಿಗೆ ಹೋದರು. ಜಾತಕ ಕೂಡಲಿಲ್ಲವೆಂದು ನಿಮಗೆ ಹೇಳಿ ಕಳಿಸಿದರು. ಆಮೇಲೆ ನೀನು ಮದುವೆಯ ಮಾತನ್ನೇ ಎತ್ತಗೊಡಲಿಲ್ಲ.

ಮರುವರ್ಷ ನಿನ್ನ ಸೋದರತ್ತೆ ತೀರಿಕೊಂಡಾಗ ಆಕೆಯ ನೆರೆಯವಳು ಅಳುತ್ತ ಹೇಳಿದಳು — ನಿಮ್ಮಪ್ಪ ಜಗಳವಾಡಿ ಮಾತು ಬಿಟ್ಟಿದ್ದ ಆ ಮುದುಕಿಗೆ ನೀನು ಕದ್ದು ಊಟ ಒಯ್ಯುತ್ತಿದ್ದೆಯಂತೆ. ಮನೆಗೆ ಬಂದು ಖಾಲಿ ಸಾಲಿನಲ್ಲಿ ಹತ್ತು ಬರೆದೆ. ನಾನು ಮಾಡಿದ್ದು ಅಷ್ಟೇ. ಸೊರಬಕ್ಕೆ ದಿನವೂ ಬಸ್ಸಿತ್ತು.

ಇವತ್ತು ಮೂರು ಗಂಟೆಗೆ ನೀನು ಬಂದು ಹೇಳಿದೆ: “ತಮ್ಮನ ಮಗಳನ್ನ ಕೇಳಕ್ಕೆ ನಾಳೆ ಬರ್ತಾರ್ರೀ. ಮೊದ್ಲು ನಿಮ್ಮಲ್ಲಿಗೇ ಕಳಿಸ್ತೀನಿ. ಇದ್ದದ್ದು ಇದ್ದಂಗೆ ಹೇಳೋರಲ್ವಾ ನೀವು!” ಹೇಳಿ ನೀನು ನಕ್ಕೆ.

ಆ ನಗು ನಂಬಿಕೆಯದೋ, ಅಥವಾ ನಿನಗೆ ಎಲ್ಲ ಗೊತ್ತಿದ್ದು — ನೋಡು, ಈಗಲೂ ನಿನ್ನನ್ನೇ ಅನುಮಾನಿಸುತ್ತಿದ್ದೇನೆ. ಪುಸ್ತಕದಲ್ಲಿ ಎಲ್ಲರಿಗೂ ಪುಟವಿದೆ. ನನಗಿಲ್ಲ.

ನಾಳೆ ಅವರನ್ನು ನನ್ನ ಬಳಿ ಕಳಿಸಬೇಡ. ಇದನ್ನು ನಾನೇ ತಂದು ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ನಿನ್ನ ಬಾಗಿಲಲ್ಲೇ ನಿಂತಿರುತ್ತೇನೆ.

ಐದೂಕಾಲು. ಈ ಹಾಳೆಯನ್ನು ನಿನ್ನ ಪುಟದ ಮೇಲಿಟ್ಟು, ಪುಸ್ತಕಕ್ಕೆ ದಾರ ಕಟ್ಟಿಕೊಂಡು ನಿನ್ನ ಮನೆಗೆ ಹೊರಡುತ್ತಿದ್ದೇನೆ.