ಸೀಸದ ಗೋಡೆಯ ಈಚೆ ವಿದ್ಯಾವತಿ

ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ವಿದ್ಯಾವತಿಗೆ ಕಿಟಕಿ ಪಕ್ಕದ ಸೀಟೇ ಆಗಬೇಕು. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವುದು ಅವಳ ಕೆಲಸ, ಕನಸು ಕಾಣುವುದು ಹುಟ್ಟುಗುಣ. ಡ್ರೈವರನ ರೇಡಿಯೊ ಹಾಡಿದರೆ ಉದ್ದುದ್ದ ಅಲೆಗಳು ಬಾಳೆತೋಟ ದಾಟಿ ತೇಲಿ ಬಂದಂತೆ ಅವಳಿಗೆ ಕಾಣುತ್ತದೆ. ಕೆನ್ನೆಗೆ ತಾಗುವ ಕಾವಿನ ಅಲೆ ಅದಕ್ಕಿಂತ ಗಿಡ್ಡ, ಬೆಳಕು ಇನ್ನೂ ಗಿಡ್ಡ, ಚರ್ಮ ಕಪ್ಪಾಗಿಸುವ ನೇರಳಾತೀತ ಅದಕ್ಕೂ ಗಿಡ್ಡ. ಎಲ್ಲವೂ ಒಂದೇ ಮನೆತನ, ಗಾಳಿಯೂ ಇಲ್ಲದ ಬಯಲಲ್ಲಿ ಎಲ್ಲದರ ಓಟವೂ ಒಂದೇ ವೇಗ. ಗಿಡ್ಡವಾದಷ್ಟೂ ಕಸುವು ಹೆಚ್ಚು: ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು. ಅವಳ ಎಕ್ಸ್-ರೇಯಂತೂ ಮಾಂಸ ದಾಟುತ್ತದೆ, ಎಲುಬಿಗೆ ತಡವರಿಸುತ್ತದೆ, ಸೀಸಕ್ಕೆ ಮಾತ್ರ ಮಣಿಯುತ್ತದೆ.

ಈಗ ಅವಳಿಗೆ ಎರಡು ತಿಂಗಳು. ಮೊನ್ನೆಯ ತನಕ ಗಂಡ ಯಶವಂತನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮೂರು ತುಂಬುವ ತನಕ ಬಾಯಿ ಬಿಡಬಾರದೆಂಬುದು ನಮ್ಮ ಕಡೆಯ ಪದ್ಧತಿ. ಆದರೆ ಅತ್ತೆ ಅಂಬಮ್ಮನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ. ಹೋದ ಸಲ ಅವಸರಪಟ್ಟು ಓಣಿತುಂಬ ಪೇಡೆ ಹಂಚಿದಳು. ಆ ಕೂಸು ನಿಲ್ಲಲಿಲ್ಲ. ಪೇಡೆಗೂ ಅದಕ್ಕೂ ಏನು ಸಂಬಂಧ ಎನ್ನುವ ಜಾಣರು, ಅತ್ತು ಸುಸ್ತಾದ ಹೆಣ್ಣಿಗೆ ಅದನ್ನು ಹೋಗಿ ಹೇಳಿ ನೋಡಲಿ.

ಮೊನ್ನೆ ಅಂಬಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಊದಿದ ಮೊಣಕೈ ಹಿಡಿದುಕೊಂಡು ಸೊಸೆಯ ಎಕ್ಸ್-ರೇ ಕೋಣೆಗೇ ಬಂದಳು. ಮಷೀನ್ ನೋಡಿ ನಡುಗತೊಡಗಿದಳು.

"ಬಾಜೂಕ ನಿಂದ್ರವಾ, ನಂಗ ಅಂಜಿಕಿ ಆಗಾಕತ್ತದ."

ಅಟೆಂಡರ್ ಅಕ್ರಮ್ ಸೀಸದ ಅಂಗಿ ಚಾಚಿದ. "ಹಾಕ್ಕೊಂಡು ಹಿಡೀರಿ ಮೇಡಂ, ನಿಮ್ಮ ಅತ್ತಿಯವ್ರು ಅಲ್ಲೇನ್ರಿ?"

ಅಂಗಿ ತೊಟ್ಟರೂ ಬಸುರಿ ಒಳಗೆ ನಿಲ್ಲಬಾರದು. ವಿದ್ಯಾವತಿ ಹೊಸ್ತಿಲಲ್ಲೇ ಉಳಿದಳು. ಹೋದರೆ ಕೂಸಿನ ಭಯ, ಹೇಳಿದರೆ ಊರಿನ ಬಾಯಿಯ ಭಯ.

"ನಾ ಒಳಗ ಬರಂಗಿಲ್ರಿ, ಅತ್ತಿ." ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

ಅಂಬಮ್ಮ ಕಣ್ಣು ಕೆಂಪಗೆ ಮಾಡಿದಳು. ಆಮೇಲೆ ಆ ಕೈ ನೋಡಿದಳು. ನಡುಕ ನಿಂತಿತು.

"ಯಾಕ್ರೀ, ಏನಾತು?" ಎಂದ ಅಕ್ರಮ್.

"ಏನಿಲ್ಲಪಾ. ಸೊಸಿ ಮುಂದ ಅತ್ತರ ನನ್ನ ಮರ್ಯಾದಿ ಹೋಗ್ತದ. ಆಕಿ ಹೊರಗೇ ಇರ್ಲಿ. ಬಾಗಲಾ ಗಟ್ಟಿ ಹಾಕು."

ಸೀಸದ ಗೋಡೆಯ ಈಚೆ ವಿದ್ಯಾವತಿ ಗುಂಡಿ ಒತ್ತಿದಳು. ಕಣ್ಣಿಗೆ ಕಾಣದ ಬೆಳಕು ಆ ಕೋಣೆಯಲ್ಲಿ ಹರಿದು ಮಾಯವಾಯಿತು. ಪರದೆಯ ಮೇಲೆ ಅತ್ತೆಯ ಎಲುಬು ಬೆಳದಿಂಗಳಂತೆ ಮೂಡಿತು. ಅತ್ತೆ ತಿಳಿದೂ ಬಾಯಿ ಬಿಡಲಿಲ್ಲವೆಂದು ಅವಳಿಗೆ ಸಂತೋಷದಿಂದ ಅಳು ಬಂತು.

ಸಂಜೆ ನೆರೆಯವರೆಲ್ಲ ನೋಡಲು ಬಂದರು. ಅಂಬಮ್ಮ ಬಿದ್ದ ಕಥೆಯನ್ನು ಒಬ್ಬೊಬ್ಬರಿಗೂ ಮೊದಲಿನಿಂದ, ಜೋರಾಗಿ ಹೇಳಿದಳು, ಯಾರ ಕಣ್ಣೂ ಸೊಸೆಯ ಕಡೆ ಹೊರಳದಂತೆ.