ಬೂದು ರೆಕ್ಕೆಯ ಹುಳ

ನನ್ನ ಸೋದರತ್ತೆ ಇಪ್ಪತ್ತೆರಡು ವರ್ಷದಿಂದ ಮೀನು ಹಿಡಿಯುವವರ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಹುಳ ಕಟ್ಟುತ್ತಾಳೆ. ಗಾಳದ ಕೊಕ್ಕೆಗೆ ನೂಲು, ಗರಿ ಸುತ್ತಿ ಮೇಫ್ಲೈ ಎಂಬ ಹೊಳೆಹುಳದ ರೂಪ ಕೊಡಬೇಕು. ನಿಜವೆಂದು ನಂಬಿ ಟ್ರೌಟ್ ಮೀನು ಬಾಯಿ ಹಾಕಬೇಕು. ಮೀನನ್ನು ಏಮಾರಿಸುವುದು ಸುಲಭ, ಸದಸ್ಯರಿಗೆ ತಿಳಿಹೇಳುವುದೇ ಕಷ್ಟ ಎಂದು ಅವಳು ಗೊಣಗುವುದುಂಟು. ಗಾಳ ಹಿಡಿದು ಹೊಳೆಗಿಳಿಯುವ ಹಕ್ಕು ಸದಸ್ಯರಿಗೆ ಮಾತ್ರ, ಕೆಲಸದವರಿಗಿಲ್ಲ.

ಹೊಸ ಕಾರ್ಯದರ್ಶಿಗೆ ಮೂಗಿನ ತುದಿಯಲ್ಲೇ ಕೋಪ. ಒಂದು ಶನಿವಾರ ಬೆಳಿಗ್ಗೆ ಅವನು ಬೆಂಕಿಪೊಟ್ಟಣವೊಂದನ್ನು ಅತ್ತೆಯ ಮುಂದೆ ಕುಕ್ಕಿದ. ಅವಳು ಮರೆತುಬಂದ ಕನ್ನಡಕ ಕೊಡಲು ಹೋದ ನಾನೂ ಅಲ್ಲಿದ್ದೆ.

"ನಿನ್ನೆ ಮಧ್ಯಾಹ್ನ ನಾನೇ ನೀರಿನ ಮೇಲಿಂದ ಹಿಡಿದು ಇದರಲ್ಲಿಟ್ಟೆ. ನೋಡಿ, ರೆಕ್ಕೆ ಗಾಜಿನ ಹಾಗೆ ಹೊಳೀತಿದೆ. ಇಷ್ಟು ವರ್ಷ ಬೂದು ಬಣ್ಣದ್ದು ಕಟ್ಟಿ ನಮ್ಮ ಕಣ್ಣಿಗೆ ಮಣ್ಣೆರಚಿದ್ದೀರಿ. ಸೋಮವಾರದಿಂದ ಹೊಳೆಯೋದನ್ನೇ ಕಟ್ಟಿ. ಇಲ್ಲಾಂದ್ರೆ ಮೇಜು ಖಾಲಿ ಮಾಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮೇಜು ಬಿಟ್ಟರೆ ಅತ್ತೆಗೆ ಬೇರೆ ಬದುಕಿಲ್ಲ. ಅವಳು ಮಾತ್ರ ಸಾವಕಾಶವಾಗಿ ಕನ್ನಡಕ ಹಾಕಿಕೊಂಡು, ಪೊಟ್ಟಣದ ಮೂಲೆಯಲ್ಲಿ ಬಿದ್ದಿದ್ದ ಬೂದು ಪೊರೆಯನ್ನು ಚಿಮಟದಿಂದ ಎತ್ತಿ ಹಿಡಿದಳು.

"ನೀವು ಹಿಡಿದಿದ್ದು ಇದು. ರಾತ್ರಿ ನಿಮ್ಮ ಪೊಟ್ಟಣದೊಳಗೇ ಪೊರೆ ಬಿಟ್ಟಿದೆ. ರೆಕ್ಕೆ ಬಂದ ಮೇಲೂ ಪೊರೆ ಬಿಡೋ ಹುಳ ಇದೊಂದೇ. ನೀರಿಂದ ಎದ್ದಾಗ ಬೂದು. ರೆಕ್ಕೆ ಒಣಗೋ ತನಕ ಹಾರಕ್ಕಾಗಲ್ಲ, ಮೀನು ತಿನ್ನೋದು ಆಗ್ಲೇ. ಸಂಜೆ ಮೊಟ್ಟೆ ಇಟ್ಟು ಸತ್ತು ಬೀಳುವಾಗ ಹೊಳೆಯೋದು ಬೇಕು, ಅದನ್ನೂ ಕಟ್ಟಿಕೊಡ್ತೀನಿ. ಮಧ್ಯಾಹ್ನಕ್ಕೆ ಬೂದೇ."

"ಪುರಾಣ ಬೇಡ," ಎಂದು ಅವನು ಹೊರಟುಹೋದ.

ಅದೇ ದಿನ ಮಧ್ಯಾಹ್ನ ಎರಡಕ್ಕೆ ಹೊಳೆಯ ತುಂಬ ಹುಳ ಎದ್ದವು. ಮೀನುಗಳು ನೀರು ಸೀಳಿ ಸೀಳಿ ತಿನ್ನುತ್ತಿದ್ದವು. ಸದಸ್ಯರು ಬೆಳಿಗ್ಗೆಯೇ ಪೇಟೆಯಿಂದ ತರಿಸಿದ್ದ ಹೊಳೆಯುವ ಹುಳಗಳನ್ನು ಎಸೆದೂ ಎಸೆದೂ ಸುಸ್ತಾದರು. ಒಂದೇ ಒಂದು ಮೀನು ತಿರುಗಿ ನೋಡಲಿಲ್ಲ. ಅತ್ತೆ, ದಡದಲ್ಲಿ ಒರಗಿಸಿಟ್ಟಿದ್ದ ಕಾರ್ಯದರ್ಶಿಯ ಗಾಳದ ಕೋಲನ್ನೇ ಎತ್ತಿಕೊಂಡು, ದಾರದ ತುದಿಗೆ ತನ್ನ ಬೂದು ಹುಳ ಕಟ್ಟಿ, ಚಪ್ಪಲಿ ಬಿಟ್ಟು ಮೊಣಕಾಲುದ್ದ ನೀರಿಗಿಳಿದಳು. ಮೂರನೆಯ ಎಸೆತಕ್ಕೆ ಕೋಲು ಬಾಗಿತು. ಮೊಳದುದ್ದದ ಮೀನು.

ಕಾರ್ಯದರ್ಶಿಯ ಮುಖ ಇಂಗು ತಿಂದ ಮಂಗನಂತಾಯಿತು.

"ಸರಿ, ಬೂದೇ ಕಟ್ಟಿ. ಮೇಜು ನಿಮ್ಮದೇ ಇರಲಿ," ಎಂದ. "ಈಗ ನೀರಿಂದ ಮೇಲೆ ಬನ್ನಿ. ನಿಯಮ ಇದೆ."

"ಬೆಳಿಗ್ಗೆ ಹೊತ್ತು ಮೇಜಲ್ಲಿರ್ತೀನಿ," ಎಂದಳು ಅತ್ತೆ, ತಿರುಗಿಯೂ ನೋಡದೆ. "ಎರಡು ಗಂಟೆ ಮೇಲೆ ಇಲ್ಲೇ. ನಿಯಮ ನೀವೇ ತಿದ್ಕೊಳ್ಳಿ."

ಹಾಗೆಂದು ಇನ್ನೆರಡು ಹೆಜ್ಜೆ ಒಳಗೆ ಹೋಗಿ ಮತ್ತೆ ಗಾಳ ಎಸೆದಳು.