ಅಟ್ಟ ಅಲ್ಲಾಡಬಾರದು

ಕಂದಿಕೆರೆಯ ಗುರುಸಿದ್ದಮ್ಮ ಮೇಡಂ ಮನೆಯಲ್ಲಿ ಯಾರೂ ಜೋರಾಗಿ ಸೀನುವ ಹಾಗಿಲ್ಲ. ಕೊಬ್ಬರಿಯಾಗಲೆಂದು ಹಿರಿಯರು ವರ್ಷವಿಡೀ ಕಾಯಿ ಮಲಗಿಸುತ್ತಿದ್ದ ಅಟ್ಟದಲ್ಲಿ, ಕೆಮಿಸ್ಟ್ರಿ ಪಾಠದಿಂದ ನಿವೃತ್ತರಾದ ಮೇಲೆ, ಅವರು ತಟ್ಟೆಗಳನ್ನು ಮಲಗಿಸಿದ್ದಾರೆ. ಕಾಯಿಪುಡಿ ಫ್ಯಾಕ್ಟರಿಯವರು ಚರಂಡಿಗೆ ಬಿಡುವ ತೆಂಗಿನಕಾಯಿ ನೀರನ್ನು ತಂದು, ಕುದಿಸಿ, ಆರಿಸಿ, ಬ್ಯಾಕ್ಟೀರಿಯಾದ ಹೆಪ್ಪು ಹಾಕಿದರೆ ಹತ್ತು ದಿನಕ್ಕೆ ಮೇಲೆ ಸೆಲ್ಯುಲೋಸ್ ಪದರ ಕೆನೆಯಂತೆ ಕಟ್ಟುತ್ತದೆ, ಅಲ್ಲಾಡಿದರೆ ಕೆಟ್ಟಿತು. ಅದಕ್ಕೇ ಅವರು ಬೆಕ್ಕಿಗೂ "ಮೆಲ್ಲಗೆ ನಡಿಯೇ" ಎನ್ನುತ್ತಾರೆ, ಹಾಲಿನ ಲಾರಿಯವನಿಗೆ ಹಾರನ್ ಹೊಡೆಯುವುದನ್ನೇ ಬಿಡಿಸಿದ್ದಾರೆ. "ಹತ್ತೀನೂ ಸೆಲ್ಯುಲೋಸೇ ಕಣ್ರೀ, ಇದೂ ಅದೇ. ಆದ್ರೆ ಇದರ ಎಳೆ ಕೂದಲಿಗಿಂತ ಸಾವಿರ ಪಟ್ಟು ಸಣ್ಣ. ತೇವ ಬಿಟ್ಕೊಡಲ್ಲ, ಪಟ್ಟಿ ಮಾಡಿ ಕಟ್ಟಿದ್ರೆ ಗಾಯಕ್ಕೆ ಕಚ್ಕೊಳಲ್ಲ." ಈ ಪಾಠ ಕೇಳದೆ ಆ ಮನೆಯಲ್ಲಿ ಕಾಫಿ ಕುಡಿದವರಿಲ್ಲ. ಕಡುಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುವ ಮೇಡಂ, ತಟ್ಟೆ ತೊಳೆಯುವಾಗ ಮಾತ್ರ ತೋಳು ಮೇಲೇರಿಸುತ್ತಾರೆ. ಆರನೇ ವಯಸ್ಸಿನಲ್ಲಿ ಕರಟದ ಒಲೆಗೆ ಬಿದ್ದು ಸುಟ್ಟ ಎಡಗೈ ಅದು. ನಲವತ್ತು ದಿನ, ದಿನಾ ಬೆಳಿಗ್ಗೆ, ಒಣಗಿ ಅಂಟಿದ ಬ್ಯಾಂಡೇಜನ್ನು ಚರ್ಮದ ಸಮೇತ ಕೀಳಿಸಿಕೊಂಡ ಕೈ. ತಟ್ಟೆಯ ಸೆಲ್ಯುಲೋಸ್ ಪದರಗಳನ್ನು ಶುದ್ಧಗೊಳಿಸಿ ಪರೀಕ್ಷೆ ಮಾಡುತ್ತಿರುವ ಆಸ್ಪತ್ರೆಯಿಂದ ಹಳೆಯ ಶಿಷ್ಯೆ ಡಾಕ್ಟರ್ ಸಿಂಧು ಮೊನ್ನೆ ಫೋನ್ ಮಾಡಿದಳು. ಮೊದಲ ಸಲ ಒಂದು ಮಗುವಿನ ಸುಟ್ಟಗಾಯಕ್ಕೆ ಹಾಕಿದ್ದರಂತೆ. ಎಷ್ಟು ದಿನಕ್ಕೆ ಚರ್ಮ ಕೂಡಿತು, ಸೋಂಕು ಎಷ್ಟು ಎಂದು ಅಂಕಿಅಂಶ ಓದತೊಡಗಿದಳು. ಅಟ್ಟದಲ್ಲಿದ್ದ ಮೇಡಂ ತಡೆದರು. "ಅದಿರ್ಲಿ ಕಣೇ, ಬಿಚ್ಚೋವಾಗ ಮಗು ಅಳ್ತಾ?" "ಇಲ್ಲ ಮೇಡಂ, ನಿದ್ದೆ ಮಾಡ್ತಿತ್ತು." ಮೇಡಂ ಹಲಗೆಯ ಮೇಲೆ ದೊಪ್ಪನೆ ಕೂತುಬಿಟ್ಟರು, ತಟ್ಟೆಗಳೆಲ್ಲ ಅಲ್ಲಾಡಿದವು.